ಹಿನ್ನೀರಿನ ದೋಣಿಗೆ ಹಗುರವಾದ ನೆರಳು ಚಪ್ಪರ



ನೆರಳಿನ ವಿಚಾರ ನಮಗೆ ಹೊಸದಲ್ಲ. ಕಾಫಿ ಗಿಡದ ಮೇಲೆ ಎಷ್ಟು ನೆರಳಿರಬೇಕು, ಎಷ್ಟು ಸವರಬೇಕು ಎಂಬುದು ಪ್ರತಿ ವರ್ಷದ ಲೆಕ್ಕಾಚಾರ. ನೈಋತ್ಯ ದಿಕ್ಕಿನ ಇಳಿಬಿಸಿಲಿಗೆ ಅಡಿಕೆ ಮರದ ಕಾಂಡ ಸುಡದಂತೆ ಸೋಗೆ ಕಟ್ಟುತ್ತೇವೆ. ಆದರೆ ಅದೇ ಬಿಸಿಲಿನಲ್ಲಿ ಹಿನ್ನೀರು ದಾಟುವಾಗ ನಮ್ಮ ತಲೆಗೆ, ಜೊತೆಯಲ್ಲಿರುವ ಮುದುಕರು ಮಕ್ಕಳ ತಲೆಗೆ ಏನೂ ಇರುವುದಿಲ್ಲ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನೀರು ನಿಂತ ಮೇಲೆ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಮನೆಗಳಿಗೆ ದೋಣಿಯೇ ದಾರಿಯಾಯಿತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ತೆರೆದ ಬಳಿಕ ಆ ಭಾಗದವರಿಗೆ ದೊಡ್ಡ ಅನುಕೂಲವಾಗಿದೆ. ಆದರೂ ತೋಟ ಒಂದು ದಡದಲ್ಲಿ, ಗದ್ದೆಯೋ ನೆಂಟರ ಮನೆಯೋ ಇನ್ನೊಂದು ದಡದಲ್ಲಿ ಇರುವವರು ಸ್ವಂತದ ಸಣ್ಣ ದೋಣಿಯನ್ನು ಬಿಟ್ಟಿಲ್ಲ. ಭದ್ರಾ, ಹೇಮಾವತಿ, ಹಾರಂಗಿ ಹಿನ್ನೀರಿನ ಅಂಚಿನ ಬೆಳೆಗಾರರಿಗೂ ಈ ಮಾತು ಅನ್ವಯಿಸುತ್ತದೆ. ಮನೆಯಲ್ಲಿ ಸಿಗುವ ಸಾಮಾನುಗಳಿಂದಲೇ ಇಂಥ ದೋಣಿಗೆ ಒಂದು ನೆರಳು ಚಪ್ಪರವನ್ನು ಮಾಡಿಕೊಳ್ಳುವ ಕ್ರಮವನ್ನು ಈ ಪಾಠದಲ್ಲಿ ತಿಳಿಸುತ್ತೇವೆ. ಚಪ್ಪರ ಕಟ್ಟುವುದು ಕಷ್ಟವಲ್ಲ. ತಪ್ಪಾಗಿ ಕಟ್ಟಿದರೆ ಮಾತ್ರ ಅದು ಜೀವಕ್ಕೇ ಸಂಚಕಾರ ತರುತ್ತದೆ. ಆದ್ದರಿಂದ ಮೊದಲು ನಮ್ಮ ತಪ್ಪನ್ನೇ ಹೇಳಿಕೊಳ್ಳುತ್ತೇವೆ.

ನಾವು ಮಾಡಿದ ತಪ್ಪು

ಕೆಲವು ವರ್ಷಗಳ ಹಿಂದೆ ನಾವು ಮೊದಲ ಚಪ್ಪರ ಕಟ್ಟಿದಾಗ ಗಟ್ಟಿಯಾಗಿರಬೇಕು ಎಂಬುದೊಂದೇ ಯೋಚನೆ. ನಾಲ್ಕು ಮೂಲೆಗೆ ಅಡಿಕೆ ದಬ್ಬೆಯ ಕಂಬ ನಿಲ್ಲಿಸಿದೆವು. ಎದ್ದು ನಿಂತರೂ ತಲೆ ತಾಗದಷ್ಟು ಎತ್ತರ ಕೊಟ್ಟೆವು. ಅಡಿಕೆ ಒಣಗಿಸುವಾಗ ಮುಚ್ಚುವ ಟಾರ್ಪಾಲನ್ನೇ ಮೇಲೆ ಹೊದಿಸಿ, ಇಳಿಬಿಸಿಲು ಒಳಗೆ ಬರಬಾರದೆಂದು ಎರಡೂ ಬದಿಗೆ ಇಳಿಬಿಟ್ಟು, ಕೆಳಗಿನ ಅಂಚನ್ನು ದೋಣಿಗೆ ಬಿಗಿದು ಕಟ್ಟಿದೆವು. ನೋಡಲು ಸಣ್ಣ ಮನೆಯ ಹಾಗೆ ಇತ್ತು. ನಮಗೆ ಬಹಳ ಹೆಮ್ಮೆ.

ದಡದಲ್ಲಿ ನಿಂತಿದ್ದ ಹಿರಿಯರೊಬ್ಬರು, ಹುಟ್ಟು ಹಾಕುವುದರಲ್ಲೇ ಆಯುಷ್ಯ ಕಳೆದವರು, ನೋಡಿ ಹೇಳಿದರು: "ಮಾರಾಯ್ರೆ, ನೀವು ಚಪ್ಪರ ಕಟ್ಟಿದ್ದಲ್ಲ, ಹಾಯಿ ಕಟ್ಟಿದ್ದು. ಗಾಳಿ ಬಂದ್ರೆ ನೀವು ಹೇಳಿದ ಕಡೆ ದೋಣಿ ಹೋಗೂದಿಲ್ಲ, ಗಾಳಿ ಹೇಳಿದ ಕಡೆ ಹೋಗ್ತದೆ." ನಾವು ನಕ್ಕು ಹೊರಟೆವು.

ಅದು ಏಪ್ರಿಲ್ ಕೊನೆ. ಮಧ್ಯಾಹ್ನ ಮೂರರ ಹೊತ್ತಿಗೆ ಬೆಟ್ಟದ ಮೇಲೆ ಮೋಡ ಕಟ್ಟಿತು. ದೋಣಿಯಲ್ಲಿ ನಾವು ನಾಲ್ವರು, ಎರಡು ಚೀಲ ಚಾಲಿ ಅಡಿಕೆ. ನೀರಿನ ನಡುವೆ ಇದ್ದಾಗ ಗಾಳಿ ಒಮ್ಮೆಲೇ ಪಕ್ಕದಿಂದ ಬೀಸಿತು. ಎಷ್ಟು ಹುಟ್ಟು ಹಾಕಿದರೂ ದೋಣಿ ಅಡ್ಡಡ್ಡವಾಗಿ ಸರಿಯುತ್ತ ಹೋಗಿ, ನೀರಿನಲ್ಲಿ ನಿಂತಿದ್ದ ಹಳೆಯ ಒಣಮರಕ್ಕೆ ಬಡಿದು ಒಂದು ಬದಿಗೆ ವಾಲಿತು. ಅಂಚಿನ ಮೇಲಿಂದ ನೀರು ಒಳಗೆ ನುಗ್ಗಿತು. ಟಾರ್ಪಾಲು ಬಿಚ್ಚೋಣವೆಂದರೆ ಗಂಟುಗಳೆಲ್ಲ ಒದ್ದೆಯಾಗಿ ಬಿಗಿದುಕೊಂಡಿವೆ. ಕೊನೆಗೆ ಕತ್ತಿಯಿಂದ ಹಗ್ಗ ಕಡಿದು ಟಾರ್ಪಾಲನ್ನು ನೀರಿಗೆ ಬಿಟ್ಟ ಮೇಲೆ ದೋಣಿ ನೆಟ್ಟಗಾಯಿತು. ಒಂದು ಚೀಲ ಅಡಿಕೆ ಹೋಯಿತು, ಟಾರ್ಪಾಲು ಹೋಯಿತು. ಜೀವ ಉಳಿಯಿತು. ದೋಣಿ ಪೂರ್ತಿ ಮಗುಚಿದ್ದರೆ ಸುತ್ತ ಬಿಗಿದ ಆ ಟಾರ್ಪಾಲಿನ ಒಳಗಿಂದ ಹೊರಗೆ ಬರುವ ದಾರಿ ಯಾರಿಗೂ ಇರುತ್ತಿರಲಿಲ್ಲ. ಆ ದಿನ ಕತ್ತಿ ಕೈಗೆ ಸಿಕ್ಕದಿದ್ದರೆ ಎಂದು ಯೋಚಿಸಿದರೆ ಈಗಲೂ ಮೈ ನಡುಗುತ್ತದೆ.

ತಪ್ಪಿನ ಲೆಕ್ಕ

ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ನೇರವಾಗಿ ತಾಗಿದರೆ ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 6 ಕಿಲೋ ತೂಕದಷ್ಟು ಒತ್ತಡ ಬೀಳುತ್ತದೆ. ನಾವು ಇಳಿಬಿಟ್ಟ ಬದಿಯ ಟಾರ್ಪಾಲು 7 ಅಡಿ ಉದ್ದ, 3 ಅಡಿ ಎತ್ತರ, ಅಂದರೆ ಹತ್ತಿರಹತ್ತಿರ 2 ಚದರ ಮೀಟರ್. ಅದಕ್ಕೆ 12 ಕಿಲೋ ಒತ್ತಡ. ಗುಡುಗು ಮಳೆಯ ಮುಂದೆ ಬರುವ ಗಾಳಿ ಗಂಟೆಗೆ 72 ಕಿಲೋಮೀಟರ್ ಮುಟ್ಟಿತೆನ್ನಿ, ಆಗ 48 ಕಿಲೋ. ಹೆಚ್ಚುಕಡಿಮೆ ಒಂದು ಚೀಲ ಕಾಫಿಯ ತೂಕ! ಅಷ್ಟು ಬಲದಿಂದ ದೋಣಿಯನ್ನು ಯಾರೋ ಎದೆಯೆತ್ತರದಲ್ಲಿ ಪಕ್ಕಕ್ಕೆ ನೂಕಿದ ಹಾಗೆ.

ಎರಡನೆಯದು ಭಾರ. ದೋಣಿಯ ತಳದಲ್ಲಿಟ್ಟ ಚೀಲ ದೋಣಿಯನ್ನು ಭದ್ರವಾಗಿ ಕೂರಿಸುತ್ತದೆ. ಅದೇ ಭಾರ ಮೇಲಿದ್ದರೆ ವಾಲಿದಾಗ ಇನ್ನಷ್ಟು ವಾಲಿಸುತ್ತದೆ. ತಲೆಯ ಮೇಲೆ ಹೊರೆ ಹೊತ್ತು ಸಂಕ ದಾಟಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮೂರನೆಯದು ಮಳೆಯ ನೀರು. ಟಾರ್ಪಾಲು ಸ್ವಲ್ಪ ಜೋತುಬಿದ್ದು 10 ಚದರ ಅಡಿ ಜಾಗದಲ್ಲಿ ಒಂದು ಅಂಗುಲ ನೀರು ನಿಂತರೆ 23 ಕಿಲೋಗೂ ಹೆಚ್ಚಾಗುತ್ತದೆ. ಅದೂ ತಲೆಯ ಮೇಲೆ, ಅದೂ ಅತ್ತಿತ್ತ ಹೊಯ್ದಾಡುವ ಭಾರ.

ಇದರಿಂದ ನಾವು ಕಲಿತ ಪಾಠ ಇಷ್ಟೇ: ದೋಣಿಯ ಚಪ್ಪರ ಹಗುರವಾಗಿರಬೇಕು, ತಗ್ಗಾಗಿರಬೇಕು, ಬದಿ ತೆರೆದಿರಬೇಕು, ಮತ್ತು ಎಳೆದ ಕೂಡಲೇ ಬಿಚ್ಚಿಕೊಳ್ಳಬೇಕು. ಮುಂದೆ ಹೇಳುವ ಅಳತೆಗಳೆಲ್ಲ ಈ ನಾಲ್ಕು ಮಾತಿಗಾಗಿಯೇ.

ಯಾವ ಸಾಮಾನು ಒಳ್ಳೆಯದು?

ಅಡಿಕೆ ದಬ್ಬೆ ಚಪ್ಪರದ ಕಂಬಕ್ಕೆ ಬೇಡ. ಅದು ಭಾರ. ದೋಣಿಯ ತಳಕ್ಕೆ ಹಾಸಲು ಬಳಸಿದರೆ ಕಾಲೂ ಒದ್ದೆಯಾಗುವುದಿಲ್ಲ, ಭಾರವೂ ತಳದಲ್ಲೇ ಉಳಿಯುತ್ತದೆ. ಸೋಗೆ ಮತ್ತು ತೆಂಗಿನ ಗರಿ ತಂಪು ಕೊಡುವುದು ನಿಜ, ಆದರೆ ಮಳೆ ಹೀರಿ ಭಾರವಾಗುತ್ತವೆ, ಗಾಳಿಗೆ ಬೇಗ ಬಿಚ್ಚಲು ಬರುವುದಿಲ್ಲ. ಹಾಳೆಯನ್ನು ಹೊಲಿದು ಹೊದಿಸಿ ನೋಡಿದೆವು. ಒಣಗಿದಂತೆ ಸುರುಳಿಯಾಗಿ ಹೊಲಿಗೆ ಹರಿಯಿತು.

ಕಮಾನಿಗೆ ಬಿದಿರಿನ ಸೀಳಿಗಿಂತ ಒಳ್ಳೆಯದನ್ನು ನಾವು ಕಾಣಲಿಲ್ಲ. ಹಿಂದಿನ ಕಮಾನು ಗಾಡಿಯನ್ನು ನೆನಪಿಸಿಕೊಳ್ಳಿ, ಅದೇ ಕ್ರಮ. ಬಿದಿರು ಸಿಗದವರು ನೀರು ಹಾಯಿಸಿ ಉಳಿದ 32 ಮಿಲಿಮೀಟರಿನ ಕಪ್ಪು ಪಾಲಿಥೀನ್ ಪೈಪನ್ನು ಉಪಯೋಗಿಸಬಹುದು. ಅದು ಸುಲಭವಾಗಿ ಬಾಗುತ್ತದೆ, ಬಿಸಿಲನ್ನೂ ತಡೆಯುತ್ತದೆ. ಸಾಮಾನ್ಯ ಪಿವಿಸಿ ಪೈಪನ್ನು ಕಮಾನಿಗೆ ಬಳಸಬಾರದು. ಬಿಸಿಲಿಗೆ ಪೆಡಸಾಗಿ ಒಂದು ದಿನ ಫಟ್ಟನೆ ಮುರಿಯುತ್ತದೆ.

ಹೊದಿಕೆಗೆ ಸಸಿಮಡಿಗೆ ಕಟ್ಟುವ ಶೇಡ್ ನೆಟ್ ಉತ್ತಮ. ಶೇಕಡಾ 75 ಎಂದು ಬರೆದಿದ್ದರೆ ಅಷ್ಟು ಬೆಳಕನ್ನು ಅದು ತಡೆಯುತ್ತದೆ ಎಂದರ್ಥ. ದೋಣಿಗೆ ಅದು ಸಾಕು. ಗಾಳಿಯ ಒಂದು ಭಾಗ ಅದರ ಕಣ್ಣುಗಳಿಂದ ಹಾದುಹೋಗುತ್ತದೆ, ಮಳೆನೀರು ನಿಲ್ಲುವುದಿಲ್ಲ, ಮಡಿಸಿದರೆ ಒಂದು ಕೈಚೀಲದಲ್ಲಿ ಹಿಡಿಯುತ್ತದೆ. "ಮಳೆ ಬಂದರೆ ನೆನೆಯುತ್ತೇವಲ್ಲ?" ಎಂದು ಕೇಳುವವರಿದ್ದಾರೆ. ನೆನೆದರೆ ಮನೆಗೆ ಹೋಗಿ ಬಟ್ಟೆ ಬದಲಾಯಿಸಬಹುದು. ಇದು ಬಿಸಿಲಿನ ಚಪ್ಪರ, ಮಳೆಯದಲ್ಲ.

ಅಳತೆ

ಕೆಳಗಿನ ಅಳತೆ 14 ಅಡಿ ಉದ್ದ, ಅಂಚಿನಲ್ಲಿ 4 ಅಡಿ ಅಗಲ, ಒಂದೂವರೆ ಅಡಿ ಆಳವಿರುವ ದೋಣಿಗೆ. ನಿಮ್ಮ ದೋಣಿ ಬೇರೆ ಅಳತೆಯದಾದರೆ ಅಂಚಿನಿಂದ ಚಪ್ಪರದ ನೆತ್ತಿಯವರೆಗಿನ ಎತ್ತರ, ದೋಣಿಯ ಅಗಲದ ಮುಕ್ಕಾಲು ಪಾಲನ್ನು ಮೀರದಂತೆ ನೋಡಿಕೊಳ್ಳಿ. ಅಗಲ 4 ಅಡಿಯಾದರೆ ಎತ್ತರ 3 ಅಡಿ. ಅಡ್ಡಹಲಗೆಯ ಮೇಲೆ ಕುಳಿತವರ ತಲೆಯಿಂದ ಮೇಲೆ ಒಂದು ಗೇಣು ಜಾಗ ಉಳಿಯುತ್ತದೆ. ಎದ್ದು ನಿಲ್ಲಲು ಆಗುವುದಿಲ್ಲ, ಅದೇ ಒಳ್ಳೆಯದು. ಸಣ್ಣ ದೋಣಿಯಲ್ಲಿ ಎದ್ದು ನಿಲ್ಲಲೇಬಾರದು.

ಮೂರೂವರೆ ಅಡಿಗಿಂತ ಕಿರಿದಾದ ದೋಣಿಗೂ ದುಂಡನೆಯ ಹರಿಗೋಲಿಗೂ ಈ ಚಪ್ಪರ ಬೇಡ. ಅಲ್ಲಿ ಹಾಳೆ ಟೊಪ್ಪಿಯೇ ಸರಿ. ಬಾಡಿಗೆಗೆ ಜನ ಸಾಗಿಸುವ ದೋಣಿಗೂ, ಎಂಜಿನ್ ಕೂರಿಸಿದ ವೇಗದ ದೋಣಿಗೂ ಈ ಲೆಕ್ಕ ಸಾಲದು.

ಬೇಕಾಗುವ ಸಾಮಾನು ಹೀಗಿದೆ:
1. ಬಲಿತ ಹಸಿ ಬಿದಿರಿನ ಸೀಳು, 10 ಅಡಿಯದು – 6 (ಒಂದು ಕಮಾನಿಗೆ ಎರಡರಂತೆ). ಮುರಿದರೆ ಇರಲೆಂದು ಇನ್ನೆರಡು.
2. ಉದ್ದಕ್ಕೆ ಕಟ್ಟಲು 7 ಅಡಿಯ ತೆಳು ಸೀಳು – 3.
3. ಒಂದೂವರೆ ಅಂಗುಲದ ಪಿವಿಸಿ ಪೈಪಿನ 8 ಅಂಗುಲದ ತುಂಡು – 6, ಅವನ್ನು ಬಿಗಿಯಲು ಕ್ಲಾಂಪು – 12.
4. ಶೇಡ್ ನೆಟ್ – 7 ಅಡಿ ಉದ್ದ, ಐದೂವರೆ ಅಡಿ ಅಗಲ.
5. ನೈಲಾನ್ ದಾರ, ಹಳೆಯ ಸೈಕಲ್ ಟ್ಯೂಬು, ಅಂಚು ಮಡಿಸಲು ಹಳೆಯ ಕೊಡೆಯ ಬಟ್ಟೆ.

ಕಮಾನು ಬಾಗಿಸುವುದು

ಮೂರು ನಾಲ್ಕು ವರ್ಷ ಬಲಿತ ಬಿದಿರನ್ನೇ ಆರಿಸಬೇಕು. ಎಳೆಯದು ಒಣಗಿದಂತೆ ಮುದುಡಿ ಹುಳು ಹಿಡಿಯುತ್ತದೆ. ಕಡಿದ ಬಿದಿರನ್ನು ಎರಡು ಮೂರು ವಾರ ನೀರಿನಲ್ಲಿ ಮುಳುಗಿಸಿಟ್ಟರೆ ಒಳಗಿನ ಹಿಟ್ಟಿನ ಅಂಶ ಕರಗಿಹೋಗಿ ಹುಳುವಿನ ಕಾಟ ಕಡಿಮೆಯಾಗುತ್ತದೆ. ಬಳಿಕ ಒಂದೂಕಾಲು ಅಂಗುಲ ಅಗಲಕ್ಕೆ ಸೀಳಿ, ಒಳಮೈ ಕೆತ್ತಿ, ಕಾಲು ಅಂಗುಲಕ್ಕಿಂತ ತುಸು ದಪ್ಪ ಉಳಿಸಿಕೊಳ್ಳಬೇಕು. ಗೆಣ್ಣಿನ ಉಬ್ಬನ್ನು ನಯವಾಗಿ ತೆಗೆಯಬೇಕು, ಇಲ್ಲದಿದ್ದರೆ ಬಾಗಿಸುವಾಗ ಅಲ್ಲಿಯೇ ಮುರಿಯುತ್ತದೆ.

ಅಂಗಳದಲ್ಲಿ 4 ಅಡಿ ಅಂತರಕ್ಕೆ ಎರಡು ಗೂಟ ಹೊಡೆದು, ಅವುಗಳ ನಡುವಿನಿಂದ 3 ಅಡಿ ದೂರಕ್ಕೆ ನೆತ್ತಿಯ ಗೂಟ ಹೊಡೆಯಿರಿ. ಎರಡೂ ಬದಿಗೆ ಇನ್ನೆರಡೆರಡು ಗೂಟ ಹೊಡೆದು ದುಂಡು ಆಕಾರ ಬರಿಸಿ. ಹಸಿಯಾಗಿರುವಾಗಲೇ ಸೀಳನ್ನು, ಸಿಪ್ಪೆಯ ಮೈ ಹೊರಗೆ ಬರುವಂತೆ, ಗೂಟಗಳ ಹೊರಮೈಗೆ ಒತ್ತಿ ಬಾಗಿಸಿ ಕಟ್ಟಬೇಕು. ಅದರ ಮೇಲೆ ಎರಡನೆಯ ಸೀಳನ್ನು ಕೂರಿಸಿ, ಗೇಣಿಗೊಂದರಂತೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಅದರ ಮೇಲೆ ದಾರ ಬಿಗಿಯಬೇಕು. ಟ್ಯೂಬು ಇದ್ದರೆ ದಾರ ಜಾರುವುದಿಲ್ಲ. ಒಂದು ವಾರ ನೆರಳಿನಲ್ಲಿ ಹಾಗೆಯೇ ಬಿಟ್ಟರೆ ಆಕಾರ ನಿಲ್ಲುತ್ತದೆ. ಒಂದೇ ಅಚ್ಚಿನಲ್ಲಿ ಮೂರು ಕಮಾನುಗಳನ್ನೂ ಮಾಡಿರಿ, ಆಗ ಮೂರೂ ಒಂದೇ ಅಳತೆಗೆ ಬರುತ್ತವೆ.

ದೋಣಿಗೆ ಕೂರಿಸುವುದು

ಚಪ್ಪರ ದೋಣಿಯ ನಡುವಿನ 6 ಅಡಿಗೆ ಮಾತ್ರ. ಮುಂದೆ ನಾಲ್ಕು, ಹಿಂದೆ ನಾಲ್ಕು ಅಡಿ ಬಯಲು ಉಳಿಯಬೇಕು. ಹುಟ್ಟು ಹಾಕುವವರು ಹಿಂದೆ ಬಯಲಿನಲ್ಲೇ ಕುಳಿತು ಹಾಳೆ ಟೊಪ್ಪಿ ಹಾಕಿಕೊಳ್ಳುವುದು. ಅವರ ಕೈ ಆಡಲು ಜಾಗವೂ ಬೇಕು, ಆಕಾಶ ನೋಡಲು ಕಣ್ಣಿಗೆ ಬಯಲೂ ಬೇಕು.

3 ಅಡಿಗೊಂದರಂತೆ ಎರಡೂ ಅಂಚಿನ ಒಳಬದಿಗೆ ಪೈಪಿನ ತುಂಡುಗಳನ್ನು ನೆಟ್ಟಗೆ ನಿಲ್ಲಿಸಿ, ಒಂದೊಂದಕ್ಕೆ ಎರಡು ಕ್ಲಾಂಪು ಹಾಕಿ ಬಿಗಿಯಬೇಕು. ತುಂಡಿನ ಕೆಳಬಾಯಿಗೆ ಅಡ್ಡಲಾಗಿ ಒಂದು ಮೊಳೆ ತೂರಿಸಿದರೆ ಕಮಾನಿನ ಕಾಲು ಅಲ್ಲಿ ನಿಲ್ಲುತ್ತದೆ, ನೀರೂ ಇಳಿದುಹೋಗುತ್ತದೆ. ಮರದ ದೋಣಿಗೆ ಅಂಚುಪಟ್ಟಿಗೋ ಒಳಗಿನ ಅಡ್ಡ ಮರಕ್ಕೋ ಹಿತ್ತಾಳೆಯ ತಿರುಪು ಹಾಕಿ. ಕಬ್ಬಿಣದ್ದು ತುಕ್ಕು ಹಿಡಿಯುತ್ತದೆ. ಫೈಬರ್ ದೋಣಿಗೆ ಬರಿಯ ತಿರುಪು ನಿಲ್ಲದು. ಒಳಗೆ ಒಂದು ಮರದ ತುಂಡು ಕೊಟ್ಟು, ಬೋಲ್ಟು ಮತ್ತು ವಾಷರಿನಿಂದ ಬಿಗಿಯಬೇಕು. ನೀರಿನ ಮಟ್ಟದ ಹತ್ತಿರ ಎಲ್ಲಿಯೂ ತೂತು ಕೊರೆಯಬಾರದು.

ಕಮಾನಿನ ಕಾಲುಗಳನ್ನು ಪೈಪಿನೊಳಗೆ ಸಲೀಸಾಗಿ ಇಳಿಯುವಷ್ಟು ಕೆತ್ತಿ ಕೂರಿಸಿ. ನೆತ್ತಿಗೊಂದು, ಎರಡೂ ಬದಿಗೆ ಅಂಚಿನಿಂದ ಒಂದೂವರೆ ಅಡಿ ಎತ್ತರದಲ್ಲಿ ಒಂದೊಂದು ತೆಳು ಸೀಳನ್ನು ಉದ್ದಕ್ಕೆ ಕಟ್ಟಿದರೆ ಚೌಕಟ್ಟು ಮುಗಿಯಿತು. ಹೊದಿಕೆಯೂ ಸೇರಿ ಒಟ್ಟು ತೂಕ 8 ಕಿಲೋ ಮೀರಬಾರದು. ಅಡಿಕೆ ತೂಗುವ ತಕ್ಕಡಿಯಲ್ಲೇ ತೂಗಿ ನೋಡಿ. ಮೀರಿದರೆ ಸೀಳನ್ನು ಇನ್ನೂ ಕೆತ್ತಬೇಕು.

ಹೊದಿಕೆ ಮತ್ತು ಗಂಟು

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು. ಶೇಡ್ ನೆಟ್ಟಿನ ನಾಲ್ಕೂ ಅಂಚನ್ನು ಕೊಡೆಯ ಬಟ್ಟೆ ಕೊಟ್ಟು ಮಡಿಸಿ ಹೊಲಿಯಬೇಕು. ಹೊದಿಕೆ ಬದಿಯ ಸೀಳಿನವರೆಗೆ ಮಾತ್ರ. ಅಲ್ಲಿಂದ ಕೆಳಗೆ ಅಂಚಿನವರೆಗಿನ ಒಂದೂವರೆ ಅಡಿ ಯಾವ ಕಾರಣಕ್ಕೂ ಮುಚ್ಚಬಾರದು. ಬೆಳಿಗ್ಗೆ ಸಂಜೆ ಓರೆಬಿಸಿಲು ಒಳಗೆ ಬಂದೇ ಬರುತ್ತದೆ. ಸೀರೆಯೋ ಪಂಚೆಯೋ ಇಳಿಬಿಡೋಣ ಎಂದು ಮನಸ್ಸಾಗುತ್ತದೆ. ಇಳಿಬಿಟ್ಟರೆ ಮತ್ತೆ ಅದೇ ಹಾಯಿ. ಓರೆಬಿಸಿಲಿಗೆ ಟೊಪ್ಪಿ ಸಾಕು.

ಹೊದಿಕೆಯ ಹಿಂದಿನ ಅಂಚನ್ನು ಮಾತ್ರ ಹಿಂದಿನ ಕಮಾನಿಗೆ ಖಾಯಂ ಆಗಿ ಹೊಲಿಯಿರಿ. ಮುಂದಿನ ಎರಡು ಮೂಲೆ, ನಡುವಿನ ಕಮಾನಿನ ಎರಡು ಬದಿ – ಹೀಗೆ ನಾಲ್ಕು ಕಡೆ ಎಳೆದರೆ ಬಿಚ್ಚುವ ಗಂಟು ಹಾಕಬೇಕು. ಹಸುವಿನ ಕಣ್ಣಿಗೆ, ಚೀಲದ ಬಾಯಿಗೆ ದಿನವೂ ಹಾಕುವ ಗಂಟೇ ಅದು. ಎಳೆಯುವ ತುದಿ ಒಂದು ಗೇಣು ಉದ್ದ ಇಳಿಬಿದ್ದಿರಲಿ, ತುದಿಗೆ ಕೆಂಪು ಬಟ್ಟೆಯ ಚೂರು ಕಟ್ಟಿರಲಿ. ಗಾಬರಿಯಲ್ಲಿ ಯಾವುದನ್ನು ಎಳೆಯಬೇಕೆಂದು ಹುಡುಕುವಂತಾಗಬಾರದು. ನಾಲ್ಕನ್ನೂ ಎಳೆದರೆ ಹೊದಿಕೆಯನ್ನು ಹಿಂದಕ್ಕೆ ದೂಡಿ ಸುತ್ತಬಹುದು. ಬರಿಯ ಕಮಾನುಗಳಿಗೆ ಗಾಳಿ ಹೆಚ್ಚು ತಾಗುವುದಿಲ್ಲ. ಮನೆಯ ಹೆಂಗಸರಿಗೂ ಹತ್ತು ವರ್ಷದ ಮಕ್ಕಳಿಗೂ ಈ ಗಂಟು ಬಿಚ್ಚುವುದನ್ನು ದಡದಲ್ಲೇ ನಾಲ್ಕಾರು ಸಲ ಅಭ್ಯಾಸ ಮಾಡಿಸಿ. ಒಂದು ನಿಮಿಷದೊಳಗೆ ಹೊದಿಕೆ ಇಳಿಯಬೇಕು.

ಮೊದಲ ಪರೀಕ್ಷೆ

ಕಟ್ಟಿದ ದಿನವೇ ನಡುನೀರಿಗೆ ಹೋಗಬೇಡಿ. ಸೊಂಟದ ಮಟ್ಟದ ನೀರಿನಲ್ಲಿ, ದಡಕ್ಕೆ ಹಗ್ಗ ಕಟ್ಟಿಕೊಂಡು, ಮೊದಲು ಚಪ್ಪರವಿಲ್ಲದೆ ಇಬ್ಬರು ಒಂದೇ ಬದಿಗೆ ಕುಳಿತು ಅಂಚು ನೀರಿನಿಂದ ಎಷ್ಟು ಮೇಲಿದೆ ಎಂದು ಗುರುತು ಹಾಕಿಕೊಳ್ಳಿ. ಬಳಿಕ ಚಪ್ಪರ ಕಟ್ಟಿ ಹಾಗೆಯೇ ನೋಡಿ. ಅಂತರ ಕಣ್ಣಿಗೆ ಕಾಣುವಷ್ಟು ಕಡಿಮೆಯಾದರೆ ಚಪ್ಪರ ಭಾರವಾಗಿದೆ, ಇಲ್ಲವೇ ಎತ್ತರವಾಗಿದೆ ಎಂದೇ ಅರ್ಥ. ಜನ, ಚೀಲ ಎಲ್ಲ ತುಂಬಿ ಸಮವಾಗಿ ಕುಳಿತಾಗ ಅಂಚು ನೀರಿನಿಂದ ಕನಿಷ್ಠ ಒಂದು ಗೇಣು ಮೇಲಿರಬೇಕು. ಅದಕ್ಕಿಂತ ಕಡಿಮೆಯಾದರೆ ಒಂದು ಚೀಲವನ್ನು ದಡದಲ್ಲಿ ಬಿಟ್ಟು ಎರಡನೆಯ ಸಲ ಬನ್ನಿ.

ನೀರಿನ ಮೇಲೆ ನಡೆಯಬೇಕಾದ ಕ್ರಮ

ಮಾರ್ಚ್, ಏಪ್ರಿಲ್ ತಿಂಗಳ ಹೂಮಳೆಗಾಗಿ ಕಾಫಿ ಬೆಳೆಗಾರರು ಆಕಾಶ ನೋಡುತ್ತ ಕೂರುತ್ತಾರೆ. ತೋಟಕ್ಕೆ ಹಿತವಾದ ಅದೇ ಮಳೆ ದೋಣಿಗೆ ಶತ್ರು. ಬೇಸಿಗೆಯ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಬರುವುದರಿಂದ ಆ ತಿಂಗಳುಗಳಲ್ಲಿ ದಾಟುವ ಕೆಲಸವನ್ನು ಬೆಳಗಿನಲ್ಲೇ ಮುಗಿಸುವುದು ಒಳಿತು. ಮೋಡ ಕಪ್ಪಾಗಿ ನೀರಿನ ಮೇಲೆ ದೂರದಲ್ಲಿ ಗಾಳಿಯ ಗೆರೆ ಕಂಡರೆ ಮೊದಲು ಹೊದಿಕೆ ಇಳಿಸಿ, ಆಮೇಲೆ ಹುಟ್ಟು ಹಾಕಿ. ಗುಡುಗು ಕೇಳಿದರೆ ಹತ್ತಿರದ ದಡ ಯಾವುದೋ ಅಲ್ಲಿಗೆ ಹೋಗಿ ಇಳಿಯಿರಿ. ಬಯಲು ನೀರಿನಲ್ಲಿ ಸಿಡಿಲಿಗೆ ದೋಣಿಯೇ ಎತ್ತರದ ವಸ್ತು. ಬಿದಿರಿನ ಚಪ್ಪರ ಸಿಡಿಲನ್ನು ತಡೆಯುವುದಿಲ್ಲ.

ಎಲ್ಲರೂ ತೇಲು ಅಂಗಿ ಹಾಕಿಕೊಳ್ಳಬೇಕು. ಇದಕ್ಕೆ ಬದಲಿ ಇಲ್ಲ. ಅದರ ಜೊತೆಗೆ ಬಾಯಿ ಭದ್ರವಾಗಿ ಮುಚ್ಚಿದ 20 ಲೀಟರಿನ ಎರಡು ಖಾಲಿ ಕ್ಯಾನುಗಳನ್ನು ದೋಣಿಯೊಳಗೆ ಕಟ್ಟಿಡಿ. ನೀರು ತುಂಬಿದರೂ ಒಂದೊಂದು ಕ್ಯಾನು 20 ಕಿಲೋಗೆ ಹತ್ತಿರದ ಭಾರವನ್ನು ಎತ್ತಿಹಿಡಿಯುತ್ತದೆ. ನೀರು ಚೆಲ್ಲಲು ಒಂದು ಡಬ್ಬ, ಹಗ್ಗ ಕಡಿಯಲು ಒಂದು ಸಣ್ಣ ಕತ್ತಿ ಹುಟ್ಟು ಹಾಕುವವರ ಕೈಗೆ ಸಿಗುವಲ್ಲಿ ಇರಲಿ.

ಮಳೆಗಾಲಕ್ಕೆ

ಮೇ ತಿಂಗಳ ಕೊನೆಗೆ ಚಪ್ಪರವನ್ನು ಪೂರ್ತಿ ಬಿಚ್ಚಿಡಬೇಕು. ಕಮಾನುಗಳನ್ನು ಒಣಗಿಸಿ ಅಡಿಗೆಮನೆಯ ಅಟ್ಟದಲ್ಲಿ ಹೊಗೆ ತಾಗುವಲ್ಲಿ ಇಟ್ಟರೆ ಹುಳು ಮುಟ್ಟುವುದಿಲ್ಲ. ಶೇಡ್ ನೆಟ್ಟನ್ನು ಇಲಿ ಕಡಿಯದ ಡಬ್ಬದಲ್ಲಿ ಇಡಿ. ಮುಂದಿನ ಬೇಸಿಗೆಗೆ ತೆಗೆದಾಗ ಪ್ರತಿ ಕಮಾನನ್ನೂ ಮೊಣಕಾಲಿಗೆ ಒತ್ತಿ ಬಾಗಿಸಿ ನೋಡಿ. ಹುಡಿ ಉದುರಿದರೆ ಅಥವಾ ಚಿಟಕೆಂದು ಸದ್ದಾದರೆ ಅದನ್ನು ಒಲೆಗೆ ಹಾಕಿ ಹೊಸದು ಮಾಡಿ. ಬಿದಿರಿಗೆ ಬಡತನವಿಲ್ಲ.

ನಮ್ಮ ಈಗಿನ ಚಪ್ಪರ ನೋಡಲು ಚಂದವಿಲ್ಲ. ದಡದ ಆ ಹಿರಿಯರು ಒಮ್ಮೆ ಸುತ್ತ ಬಂದು, ಕೆಂಪು ಬಟ್ಟೆಯ ತುದಿ ಹಿಡಿದು ಎಳೆದರು. ಗಂಟು ಬಿಚ್ಚಿ ಹೊದಿಕೆ ಜಾರಿತು. "ಈಗ ಅಮ್ಮನ್ನ ಕೂರಿಸ್ಕಂಡು ಹೋಗ್ಬೌದು" ಎಂದರು. ಅದಕ್ಕಿಂತ ದೊಡ್ಡ ಪ್ರಶಸ್ತಿ ನಮಗೆ ಬೇಕಾಗಿಲ್ಲ.

ಸದಸ್ಯ ಬಾಂಧವರು ಬೇರೆ ಕ್ರಮದಲ್ಲಿ ಚಪ್ಪರ ಕಟ್ಟಿ ಅನುಕೂಲ ಕಂಡಿದ್ದರೆ, ಅಥವಾ ನಮ್ಮ ಹಾಗೆ ತಪ್ಪು ಮಾಡಿ ಪಾಠ ಕಲಿತಿದ್ದರೆ, ನಾಲ್ಕು ಸಾಲು ಬರೆದು ಸಂಘದ ಕಚೇರಿಗೆ ತಲುಪಿಸಬೇಕಾಗಿ ವಿನಂತಿ. ಒಬ್ಬರ ತಪ್ಪು ಹತ್ತು ಮನೆಗೆ ತಿಳಿದರೆ ಹತ್ತು ದೋಣಿಗಳು ಸುಖವಾಗಿ ದಡ ಸೇರುತ್ತವೆ.